ಯುಗಾದಿಯ ರೇಟು

"ಬಾಟಲು ಇನ್ನೂ ಮೇಲೆತ್ತೇ ಅಂಜಮ್ಮ!" ಎನ್ನುತ್ತ ಡಾಕ್ಟರ್ ಶಿರೀನ್ ರಸ್ತೆಗೆ ಇಳಿದೇಬಿಟ್ಟರು. ಅವರ ಹಿಂದೆ ಸ್ಟ್ರೆಚರು, ಅದರ ಮೇಲೆ ಚೊಚ್ಚಲ ಬಸುರಿ ರಮ್ಯ, ತಲೆಯ ಕಡೆಯಿಂದ ತಳ್ಳುತ್ತಿದ್ದ ಅವಳ ಗಂಡ ವೆಂಕಟ್, ಪಕ್ಕದಲ್ಲಿ ಡ್ರಿಪ್ ಬಾಟಲು ಎತ್ತಿ ಹಿಡಿದ ನರ್ಸ್ ಅಂಜಮ್ಮ. ಜೂನ್ ತಿಂಗಳಲ್ಲಿ ಶ್ರೀನಿವಾಸಪುರದ ರಸ್ತೆ ದಾಟುವುದೆಂದರೆ ಸಾಮಾನ್ಯ ಮಾತಲ್ಲ. ತೋತಾಪುರಿ ಮಾವು ಹೇರಿಕೊಂಡ ಟೆಂಪೋಗಳು ಮಂಡಿಯ ಕಡೆಗೆ ಮೂತಿ ಮಾಡಿಕೊಂಡು ಒಂದಕ್ಕೊಂದು ಅಂಟಿ ನಿಂತಿದ್ದವು. ಶಿರೀನ್ ಒಂದು ಟೆಂಪೋದ ಬಾನೆಟ್ಟಿಗೆ ಅಂಗೈಯಿಂದ ಬಡಿದು, "ಹಿಂದಕ್ ತಗೊಳ್ಳೋ! ಹೊಟ್ಟೇಲಿ ಮಗು ಇದೆ ಕಣೋ!" ಎಂದು ಕೂಗಿದರು. ಡ್ರೈವರು ಕಕ್ಕಾಬಿಕ್ಕಿಯಾಗಿ ಗಾಡಿ ಹಿಂದೆ ಸರಿಸಿದ. ಹೆರಿಗೆ ಕೋಣೆಯಲ್ಲಿ ಪಳಗಿದ ಗಂಟಲು ಅದು. ಒಂದು ಸಲ ಕೂಗಿದರೆ ಎರಡನೇ ಸಲ ಬೇಕಾಗುವುದಿಲ್ಲ.

ಮಗುವಿನ ಎದೆಬಡಿತ ಇಳಿಯುತ್ತಿತ್ತು. ಸಿಸೇರಿಯನ್ ಆಗಲೇಬೇಕಿತ್ತು. ಶಿರೀನರ ಕೈ ಸಿದ್ಧವಿತ್ತು, ಥಿಯೇಟರು ಸಿದ್ಧವಿತ್ತು, ಅರಿವಳಿಕೆ ಕೊಡುವವರು ಮಾತ್ರ ಇರಲಿಲ್ಲ. ಊರಿನ ಎರಡು ನರ್ಸಿಂಗ್ ಹೋಮಿಗೂ ಇದ್ದ ಒಬ್ಬನೇ ಅರಿವಳಿಕೆ ಡಾಕ್ಟರು ಕದಿರೇಶ. ಅವನು ರಸ್ತೆಯ ಆಚೆಬದಿಯ ಆಸ್ಪತ್ರೆಯಲ್ಲೇ ಇದ್ದ. ಕೂಗಿದರೆ ಕೇಳಿಸುವಷ್ಟು ಹತ್ತಿರ. ಆದರೆ ಫೋನಿನಲ್ಲಿ ಅವನು ಹೇಳಿದ್ದು, "ಅಗ್ರಿಮೆಂಟ್ ಆಗೋಗಿದೆ ಮೇಡಂ. ಹೊರಗಡೆ ಕೇಸು ಮುಟ್ಟಂಗಿಲ್ಲ. ಪೇಷೆಂಟನ್ನೇ ಇಲ್ಲಿಗೆ ಕಳ್ಸಿ" ಎಂದು. ಅದಕ್ಕೇ ಈ ಮೆರವಣಿಗೆ.

ಗೇಟಿನ ಹತ್ತಿರ ಸೆಕ್ಯೂರಿಟಿಯವನು ಸ್ಟ್ರೆಚರನ್ನು ಬಿಟ್ಟು ಶಿರೀನರಿಗೆ ಕೈ ಅಡ್ಡ ಹಿಡಿದ. "ಪೇಷೆಂಟ್ ಬಿಡ್ತೀನಿ ಮೇಡಂ, ನೀವು ಬರಂಗಿಲ್ಲ. ಹೊರಗಿನ ಡಾಕ್ಟ್ರನ್ನ ಒಳಗೆ ಬಿಡಬ್ಯಾಡ ಅಂತ ಆರ್ಡರ್ ಐತೆ."

ಜಗಳಕ್ಕೆ ಅದು ಹೊತ್ತಲ್ಲ. ಒಳಗೆ ಹಸಿರು ಬಟ್ಟೆ ಹಾಕಿಕೊಂಡು ಕದಿರೇಶ ತಲೆ ತಗ್ಗಿಸಿ ನಿಂತಿದ್ದ. ಶಿರೀನ್ ಸೆಕ್ಯೂರಿಟಿಯವನ ಭುಜದ ಮೇಲಿಂದಲೇ, "ಬೆಳಗ್ಗೆ ಇಡ್ಲಿ ತಿಂದಿದ್ದಾಳೆ ಕದಿರೇಶ, ಜೋಪಾನ! ಬಿಪಿ ಸ್ವಲ್ಪ ಮೇಲಿದೆ!" ಎಂದು ಕೂಗಿ ಹೇಳಿದರು. ಅವನು "ಹ್ಞೂಂ ಮೇಡಂ" ಎಂದು ನೆಲಕ್ಕೇ ಉತ್ತರ ಕೊಟ್ಟ.

ತಾಯಿ ಮಗು ಇಬ್ಬರೂ ಉಳಿದರು. ಬಿಟ್ಟುಹೋಗಿದ್ದ ಫ್ಲಾಸ್ಕು, ಹೊದಿಕೆ ತಗೊಳ್ಳಲು ಸಂಜೆ ಬಂದ ವೆಂಕಟ್ ಗಂಡು ಮಗು ಎಂದ, ನಕ್ಕ, ಆಮೇಲೆ ಶಿರೀನರ ಮುಖ ನೋಡಲಾಗದೆ ಹೊದಿಕೆಯನ್ನು ಮಡಿಸಿದ್ದೇ ಮಡಿಸಿದ. "ನೀವೇ ಮಾಡ್ಬೇಕು ಅಂತ ಆಸೆ ಇತ್ತು ಮೇಡಂ. ನಾನು ಹುಟ್ಟಿದ್ದೂ ಇಲ್ಲೇ ಅಂತೆ" ಎಂದ. ಶಿರೀನ್ "ಹೋಗೋ, ಮಗು ನೋಡ್ಕೋ ಹೋಗು" ಎಂದು ಗದರಿ ಕಳಿಸಿದರು. ಆಮೇಲೆ ಬಾತ್‌ರೂಮಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಚೆನ್ನಾಗಿ ಅತ್ತರು. ಅವಮಾನಕ್ಕೆ ಅತ್ತದ್ದು.

ಆ ಎದುರಿನ ಆಸ್ಪತ್ರೆ ಹೋದ ದೀಪಾವಳಿಯವರೆಗೆ ಡಾಕ್ಟರ್ ಕೋದಂಡರಾಮಪ್ಪನವರದ್ದು. ಶಿರೀನರಿಗಿಂತ ಹನ್ನೆರಡು ವರ್ಷ ದೊಡ್ಡವರು, ಹೆರಿಗೆಯಲ್ಲಿ ಅವರಷ್ಟೇ ಪಳಗಿದವರು. ಮಂಡಿಚಿಪ್ಪು ಸವೆದು, ಮುಂದೆ ನೋಡಿಕೊಳ್ಳುವವರು ಯಾರೂ ಇಲ್ಲವೆಂದು ಬೆಂಗಳೂರಿನ ಒಂದು ಕಂಪನಿಗೆ ಮಾರಿಬಿಟ್ಟರು, ತಾವು ಸಂಬಳಕ್ಕೆ ಅಲ್ಲೇ ಉಳಿದರು. ಕಂಪನಿ ಗಾಜಿನ ಬೋರ್ಡು ಹಾಕಿಸಿತು. ಅದರ ಮೇಲಿನ ಇಂಗ್ಲಿಷ್ ಹೆಸರು ಊರಿನ ಯಾರ ಬಾಯಿಗೂ ಹೊಂದಲಿಲ್ಲ, ಹಾಗಾಗಿ ಎಲ್ಲರಿಗೂ ಅದು ಕಂಪನಿ ಆಸ್ಪತ್ರೆ. ಅದೇ ಕಂಪನಿ ಅದಕ್ಕೆ ಮುಂಚೆ ಮುಳಬಾಗಿಲಿನಲ್ಲಿ ಒಂದು, ಕೋಲಾರದಲ್ಲಿ ಎರಡು ನರ್ಸಿಂಗ್ ಹೋಂ ಕೊಂಡಿತ್ತು. ಕೊಂಡ ಕಡೆಯಲ್ಲೆಲ್ಲ ಮೊದಲು ಗೋಡೆಗೆ ಬಣ್ಣ, ಆಮೇಲೆ ರೇಟಿಗೆ ಬಣ್ಣ. ಸಿಸೇರಿಯನ್ನಿನ ರೇಟು ಆರು ತಿಂಗಳಲ್ಲಿ ಒಂದೂವರೆ ಪಟ್ಟಾಯಿತು. ಕದಿರೇಶನನ್ನು ಬೇರೆಲ್ಲೂ ಹೋಗದಂತೆ ಕಟ್ಟಿಹಾಕಿದ್ದೂ ಆಗಲೇ. ಸರ್ಕಾರಿ ಆಸ್ಪತ್ರೆಯಲ್ಲಿ ಹೇಗೂ ಅರ್ಧ ತಾಲ್ಲೂಕು ಹುಟ್ಟುತ್ತದೆ. ಉಳಿದರ್ಧಕ್ಕೆ ಕಂಪನಿ ಬಿಟ್ಟರೆ ಇನ್ನು ಉಳಿದಿದ್ದು ಶಿರೀನರ ಒಂದೇ ಬಾಗಿಲು.

ಆ ಬಾಗಿಲಿಗೂ ಕಂಪನಿಯ ಮ್ಯಾನೇಜರು ಸ್ವೀಟ್ ಬಾಕ್ಸ್ ಹಿಡಿದು ಬಂದು ಹೋಗಿದ್ದ. ಕಟ್ಟಡ, ಹೆಸರು, ಯಂತ್ರ ಎಲ್ಲಾ ಕೊಡಬೇಕು, ಐದು ವರ್ಷ ಈ ತಾಲ್ಲೂಕಿನಲ್ಲಿ ಸ್ವಂತವಾಗಿ ಯಾರ ನಾಡಿಯನ್ನೂ ಹಿಡಿಯಬಾರದು, ತಿಂಗಳ ಕೊನೆಯೊಳಗೆ ಉತ್ತರ ಹೇಳಬೇಕು. "ಯೋಚ್ನೆ ಮಾಡಿ ಮೇಡಂ, ಅನಸ್ತೀಸಿಯಾ ಇಲ್ದೆ ಎಷ್ಟು ದಿನ ನಡೆಸ್ತೀರಾ?" ಎಂದು ನಗುನಗುತ್ತಲೇ ಕೇಳಿದ್ದ. ಕೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬೆಂಗಳೂರಿನಿಂದ, ಚಿಂತಾಮಣಿಯಿಂದ ಕರೆಸಿದರೆ ಬರುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಸಿಸೇರಿಯನ್ ಆಗುವುದಿಲ್ಲವೆಂದು ಗೊತ್ತಾದ ಕಡೆ ಹೆರಿಗೆಗೂ ಯಾರು ಬರುತ್ತಾರೆ? ವಾರ್ಡಿನ ಮಂಚಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಅಪ್ಪ ಮುಖ್ತಿಯಾರ್ ಸಾಹೇಬರು ಮಾವಿನ ಮಂಡಿ ನಡೆಸುತ್ತಿದ್ದ ಕಟ್ಟಡ ಅದು. ಕಾಯಿ ಹಣ್ಣಾಗಲು ಹುಲ್ಲು ಹಾಸುತ್ತಿದ್ದ ಕೋಣೆಯನ್ನೇ ಮಗಳಿಗೆ ಹೆರಿಗೆ ವಾರ್ಡು ಮಾಡಿಕೊಟ್ಟು ಕಣ್ಣು ಮುಚ್ಚಿದ್ದರು. ಅದನ್ನು ಮಾರುವುದನ್ನು ನೆನೆದರೆ ಶಿರೀನರಿಗೆ ಊಟ ಸೇರುತ್ತಿರಲಿಲ್ಲ.

ರಮ್ಯಳನ್ನು ಸಾಗಿಸಿದ ವಾರವೇ ಅವರು ಅಣ್ಣನ ಮಗಳು ಮಿಸ್ಬಾಳನ್ನು ಕರೆಸಿದರು. ಮಿಸ್ಬಾ ಬೆಂಗಳೂರಿನಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಇಂಥವೇ ಕೇಸು ನೋಡುತ್ತಿದ್ದಳು. ಭಾನುವಾರ ಬಂದವಳು ವರಾಂಡದಲ್ಲಿ ಕಾಲು ಮಡಚಿ ಕೂತು, ತಟ್ಟೆ ತುಂಬ ರಸಪುರಿ ಇಟ್ಟುಕೊಂಡು, ತಿನ್ನುತ್ತಲೇ ಸೋದರತ್ತೆಗೆ ಕಾನೂನು ಹೇಳಿದಳು.

"ದೊಡ್ಡ ದೊಡ್ಡ ಕಂಪನಿಗಳು ಒಂದಾಗೋ ಹಂಗಿದ್ರೆ ಮೊದ್ಲು ವ್ಯಾಪಾರದ ಪೈಪೋಟಿ ನೋಡ್ಕೊಳ್ಳೋ ದಿಲ್ಲಿಯ ಸ್ಪರ್ಧಾ ಆಯೋಗಾನ ಕೇಳ್ಬೇಕು ಫುಪ್ಪು. ಆದ್ರೆ ಇಂಥ ಪುಟ್ಟ ನರ್ಸಿಂಗ್ ಹೋಂ ಕೊಂಡ್ರೆ ಕೇಳ್ಬೇಕಾಗಿಲ್ಲ, ಆ ಲೆಕ್ಕಕ್ಕೇ ಬರಲ್ಲ. ಅದಕ್ಕೇ ಒಂದೊಂದೇ ಒಂದೊಂದೇ ನುಂಗಿದ್ದಾರೆ."

"ಹಂಗಾದ್ರೆ ಏನೂ ಮಾಡಂಗಿಲ್ವಾ?"

"ಅರೆ, ಕೇಳಿ ಪೂರ್ತಿ. ಕೊಂಡಿದ್ದನ್ನ ಪ್ರಶ್ನೆ ಮಾಡೋದು ಕಷ್ಟ. ಕೊಂಡ ಮೇಲೆ ಮಾಡಿದ ದಬ್ಬಾಳಿಕೆ ಪ್ರಶ್ನೆ ಮಾಡ್ಬೋದು. ಇರೋ ಒಬ್ಬ ಡಾಕ್ಟ್ರನ್ನ ಕಟ್ಟಾಕಿ ಇನ್ನೊಬ್ರ ಆಸ್ಪತ್ರೆ ಮುಚ್ಚಿಸೋದು, ಆಮೇಲೆ ಮನಸ್ಸಿಗೆ ಬಂದಂಗೆ ರೇಟು ಏರ್ಸೋದು, ಇದಕ್ಕೆ ದೂರು ಕೊಡೋಣ. ಗಟ್ಟಿ ಇದೆ ಕೇಸು." ಮಿಸ್ಬಾ ಇನ್ನೊಂದು ಹಣ್ಣಿನ ತೊಟ್ಟು ಕಿತ್ತಳು. "ಅವರ ಲಾಯರ್ ಕೇಳೋ ಮೊದಲ್ನೇ ಪ್ರಶ್ನೆ ನಾನೇ ಕೇಳ್ತೀನಿ. ಕಂಪನಿ ಬರೋಕ್ ಮುಂಚೆ ನೀವೂ ಕೋದಂಡರಾಮಪ್ಪ ಅಂಕಲ್ಲೂ ರೇಟು ಹೆಂಗೆ ಇಡ್ತಿದ್ರಿ?"

ಶಿರೀನರ ಮುಖ ಅರಳಿತು. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಕಾದಿದ್ದವರಂತೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಅದು ಕೇಳು ನೀನು. ಯುಗಾದಿ ದಿನ ಬೆಳಗ್ಗೆ ಅವರು ಒಂದು ಸ್ಟೀಲ್ ಡಬ್ಬೀಲಿ ಬೇವುಬೆಲ್ಲ, ಇನ್ನೊಂದ್ರಲ್ಲಿ ಒಬ್ಬಟ್ಟು ತಗೊಂಡು ರಸ್ತೆ ದಾಟ್ಕೊಂಡು ಬರೋರು. ನಾನು ಟೀ ಮಾಡೋದು. ಇಲ್ಲೇ ಕೂತು ಇಬ್ರೂ ವರ್ಷದ ರೇಟು ಮಾತಾಡ್ಕೊಳ್ಳೋದು. ಹೆರಿಗೆಗೆ ಇಷ್ಟು, ಸಿಸೇರಿಯನ್‌ಗೆ ಇಷ್ಟು, ಬಡವರಾದ್ರೆ ಇಷ್ಟು. ಮಾರನೇ ದಿನ ಒಬ್ನೇ ಪೇಂಟರ್ರು ಎರಡು ಬೋರ್ಡಿಗೂ ಒಂದೇ ಅಂಕಿ ಬರೆಯೋನು. ಚೌಕಾಸಿ ಇಲ್ಲ, ಅಲ್ಲಿ ಕಮ್ಮಿ ಇಲ್ಲಿ ಜಾಸ್ತಿ ಅಂತ ಓಡಾಟ ಇಲ್ಲ, ಒಬ್ರ ಹೊಟ್ಟೆ ಮೇಲೆ ಇನ್ನೊಬ್ರು ಹೊಡೆಯೋದಿಲ್ಲ. ರೇಟು ಒಂದೇ, ಕೈಗುಣ ನೋಡ್ಕೊಂಡು ಬರ್ಲಿ ಅಂತ. ಇಷ್ಟು ವರ್ಷ ನಡ್ಸಿದ್ವಿ. ಇಂಥ ಊರು ಇನ್ನೊಂದು ತೋರ್ಸು ನೋಡೋಣ!"

ಮಿಸ್ಬಾ ಹಣ್ಣಿನ ವಾಟೆಯನ್ನು ಬಾಯಿಯ ಹತ್ತಿರ ಹಿಡಿದವಳು ಹಾಗೇ ಹಿಡಿದಿದ್ದಳು. ರಸ ಮಣಿಕಟ್ಟಿಗೆ ಇಳಿಯುತ್ತಿತ್ತು.

"ಫುಪ್ಪು, ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀರಾ?"

"ಹೇಳೋದೇನು, ಊರಿಗೇ ಗೊತ್ತು. ಬೋರ್ಡ್ ಮೇಲೆ ಬರೆಸಿದ್ದೀವಲ್ಲ."

ಮಿಸ್ಬಾ ಎದ್ದು ಕೈ ತೊಳೆದು ಬಂದಳು. ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. "ಇಬ್ರು ಎದುರಾಳಿಗಳು ಕೂತು ಒಂದೇ ರೇಟು ಅಂತ ಗೊತ್ತು ಮಾಡ್ಕೊಳ್ಳೋದು ತಪ್ಪು ಫುಪ್ಪು. ನಾವು ಯಾವ ಕಾನೂನು ಹಿಡ್ಕೊಂಡು ಕಂಪನಿ ಮೇಲೆ ಹೋಗ್ತೀವೋ, ಅದೇ ಕಾನೂನಲ್ಲಿ ತಪ್ಪು. ದಂಡ ಬೀಳುತ್ತೆ. ಪೇಪರ್ರಲ್ಲೂ ಬರುತ್ತೆ."

"ತಪ್ಪಾ?" ಶಿರೀನ್ ಎದ್ದೇಬಿಟ್ಟರು. "ಜನಕ್ಕೆ ಮೋಸ ಆಗ್ಬಾರ್ದು ಅಂತ ಮಾಡಿದ್ದು ತಪ್ಪಾ? ನಾನೇನು ವ್ಯಾಪಾರಿನಾ?"

"ಮಂಡೀಲಿ ಹರಾಜಿಗೆ ಮುಂಚೆ ಇಬ್ರು ಖರೀದಿದಾರರು ಟೀ ಅಂಗಡೀಲಿ ಕೂತು, ಇವತ್ತು ಇಷ್ಟಕ್ಕಿಂತ ಮೇಲೆ ಕೂಗೋದು ಬೇಡ ಅಂತ ಮಾತಾಡ್ಕೊಂಡ್ರೆ ನಿಮ್ಮಪ್ಪ, ನಮ್ಮ ದಾದಾ, ಅಂಥೋರನ್ನ ಏನಂತ ಕರೀತಿದ್ರು?"

ಮುಖ್ತಿಯಾರ್ ಸಾಹೇಬರು ಅಂಥವರನ್ನು ಕಳ್ಳರೆಂದು ಕರೆಯುತ್ತಿದ್ದರು. ಒಂದು ಸಲ ಇಬ್ಬರ ಕೊರಳಪಟ್ಟಿ ಹಿಡಿದು ಮಂಡಿಯಿಂದ ಆಚೆಗೂ ತಳ್ಳಿದ್ದರು. ಚಿಕ್ಕ ಹುಡುಗಿಯಾಗಿದ್ದ ಶಿರೀನ್ ಬುಟ್ಟಿಗಳ ಹಿಂದೆ ನಿಂತು ಅದನ್ನು ನೋಡಿ ಹೆಮ್ಮೆಪಟ್ಟಿದ್ದರು.

"ಇಷ್ಟು ವರ್ಷದಲ್ಲಿ ಒಂದು ಯುಗಾದಿಗಾದ್ರೂ ರೇಟು ಇಳೀತಾ?" ಮಿಸ್ಬಾ ಮೆಲ್ಲಗೆ ಕೇಳಿದಳು.

ಇಳಿದಿರಲಿಲ್ಲ. ಹೆಚ್ಚಿರಲಿಲ್ಲ ಎಂದೂ ಅಲ್ಲ. ಸ್ವಲ್ಪ ಸ್ವಲ್ಪವೇ, ಒಬ್ಬಟ್ಟು ತಿನ್ನುತ್ತ, ಇಬ್ಬರಿಗೂ ನೋವಾಗದಂತೆ ಹೆಚ್ಚಿತ್ತು.

"ದೂರಿನಲ್ಲಿ ಇದನ್ನ ಬಿಟ್ಟುಬಿಡ್ಬೋದು. ಅವರಾಗಿ ಎತ್ತಿದ್ರೆ ನೋಡ್ಕೊಳ್ಳೋಣ. ಎತ್ತೇ ಎತ್ತುತ್ತಾರೆ ಅನ್ನಿ. ಇಲ್ಲ, ನಾವೇ ಮೊದ್ಲು ಹೇಳ್ಬೇಕು. ತಾವಾಗಿ ಹೇಳಿದೋರಿಗೆ ದಂಡ ಕಮ್ಮಿ ಆಗೋದುಂಟು, ಗ್ಯಾರಂಟಿ ಏನಿಲ್ಲ. ಇವೆರಡೂ ಬೇಡ ಅಂದ್ರೆ ಮಾರಿಬಿಡಿ. ಅದಕ್ಕೂ ನಾನು ಏನೂ ಅಂದ್ಕೊಳ್ಳಲ್ಲ." ಮಿಸ್ಬಾ ತಟ್ಟೆಯನ್ನು ಬದಿಗೆ ಸರಿಸಿದಳು.

ಶಿರೀನ್ ಒಳಗೆ ಹೋಗಿ ಒಂದೊಂದು ಕೋಣೆಯಲ್ಲೂ ಸುಮ್ಮನೆ ನಿಂತು ಬಂದರು. ಕೋಪ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಕಂಪನಿಯ ಮೇಲಿತ್ತು, ಕಾನೂನಿನ ಮೇಲಿತ್ತು, ಇಷ್ಟು ಸಣ್ಣ ಹುಡುಗಿ ಅಷ್ಟು ಮೆಲ್ಲಗೆ ಕೇಳಿದ ಪ್ರಶ್ನೆಯ ಮೇಲಿತ್ತು. ತಮ್ಮ ಬಾಳಿನಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ ಒಂದೇ ವಿಷಯವನ್ನು ಯಾರೋ ತಿರುಗಿಸಿ ಹಿಂಬದಿ ತೋರಿಸಿದ್ದರು. ಖಾಲಿ ಥಿಯೇಟರನ್ನು ಅಂಜಮ್ಮ ಆವತ್ತೂ ಒರೆಸಿಟ್ಟಿದ್ದಳು. ದೀಪದ ಕೆಳಗಿನ ಟೇಬಲ್ಲು ಮಿರಮಿರ ಮಿಂಚುತ್ತಿತ್ತು. ಅದನ್ನು ನೋಡಿದ ಮೇಲೆ ಅವರಿಗೆ ತಲೆ ತಿಳಿಯಾಯಿತು.

"ನಾವೇ ಹೇಳೋಣ," ಎಂದರು ಹೊರಗೆ ಬಂದು. "ನಾನು ಮಾಡಿದ್ದನ್ನ ಇನ್ನೊಬ್ರ ಬಾಯಲ್ಲಿ ಕೇಳಿಸ್ಕೊಂಡು ತಲೆ ತಗ್ಗಿಸೋಳಲ್ಲ ನಾನು. ಆದ್ರೆ ಅವರ ಹೆಸರೂ ಬರುತ್ತಲ್ಲ. ಅವರನ್ನ ಕೇಳ್ದೆ ಹೇಳಿದ್ರೆ ಅದು ಚಾಡಿ. ನಾಳೆ ಹೋಗಿ ಕೇಳ್ತೀನಿ."

"ಅವರು ಬೇಡ ಅಂದ್ರೆ?"

"ಅಂದ್ರೆ ಆಗ ನೋಡೋಣ" ಎಂದರು. ಬೇಡ ಎಂದರೆ ಮಾರುವುದೇ ಎಂದು ಇಬ್ಬರಿಗೂ ಗೊತ್ತಿತ್ತು.

ಸೋಮವಾರ ಗೇಟಿನಲ್ಲಿ ಮತ್ತೆ ಅದೇ ಸೆಕ್ಯೂರಿಟಿಯವನು. "ಮೇಡಂ, ಹೇಳಿದ್ನಲ್ಲ..."

"ಪೇಷೆಂಟ್ ಆದ್ರೆ ಬಿಡ್ತೀಯಾ?"

ಅವನು ತಲೆ ಕೆರೆದುಕೊಂಡು ಬಿಟ್ಟ. ಶಿರೀನ್ ಕೌಂಟರಿನಲ್ಲಿ ಸರದಿ ನಿಂತು ಚೀಟಿ ಮಾಡಿಸಿದರು. ಹೆಸರು ಕೇಳಿದ ಹುಡುಗಿ, "ಏನ್ ತೊಂದ್ರೆ ಅಂತ ಹಾಕ್ಲಿ ಮೇಡಂ?" ಎಂದಳು. "ಸಿಟ್ಟು" ಎಂದರು ಶಿರೀನ್. ಹುಡುಗಿ ಸ್ವಲ್ಪ ಯೋಚಿಸಿ ಬಿಪಿ ಎಂದು ಹಾಕಿಕೊಂಡಳು.

ಕೋದಂಡರಾಮಪ್ಪನವರು ಏಸಿಯ ಕೆಳಗೆ ಶಾಲು ಹೊದ್ದು ಕೂತಿದ್ದರು. ಕತ್ತಿನಲ್ಲಿ ಕಂಪನಿಯ ಗುರುತುಚೀಟಿಯ ನೀಲಿ ಪಟ್ಟಿ. ದೀಪಾವಳಿಯಿಂದ ಈಚೆಗೆ ಇಬ್ಬರೂ ಮಾತಾಡಿರಲಿಲ್ಲ. ಶಿರೀನರನ್ನು ಕಂಡದ್ದೇ ಅವರು ಎದ್ದರು, ಮೊಣಕಾಲು ಒಪ್ಪಲಿಲ್ಲ, ಕೂತರು. "ರಾಮ್ಮಾ, ರಾ" ಎಂದು ತೆಲುಗಿನಲ್ಲೇ ಕರೆದರು. "ಬಿಪಿ ಅಂತ ಹಾಕವ್ರೆ? ಯಾವಾಗಿಂದ?"

"ಯುಗಾದಿಯಿಂದ," ಎಂದರು ಶಿರೀನ್. "ಟೀ ಇಟ್ಕೊಂಡು ಕಾಯ್ತಾ ಇದ್ದೆ. ನೀವು ಬರ್ಲಿಲ್ಲ."

ಮುದುಕರು ಚೀಟಿಯನ್ನು ಮಡಿಸಿ ಮಡಿಸಿ ಚಿಕ್ಕದು ಮಾಡಿದರು. "ಯಾವ ಮುಖ ಇಟ್ಕೊಂಡು ಬರ್ಲಮ್ಮಾ? ರೇಟು ಈಗ ನನ್ನ ಕೈಲಿಲ್ಲ. ಬೆಂಗಳೂರಿಂದ ಮೊಬೈಲ್‌ಗೆ ಬರುತ್ತೆ. ನಾನು ಬಂದು ನಿನ್ನ ಮುಂದೆ ಕೂತು ಏನ್ ಮಾತಾಡ್ಲಿ?"

ಶಿರೀನ್ ಎಲ್ಲವನ್ನೂ ಹೇಳಿದರು. ದೂರು, ದಿಲ್ಲಿ, ಯುಗಾದಿ, ದಂಡ. ಮೊದಲು ಅವರು ನಕ್ಕರು. "ನಾವಿಬ್ರೂ ಸೇರಿ ಊರನ್ನ ಲೂಟಿ ಮಾಡಿದ್ವಾ? ಇದ್ಯಾವ ಸೀಮೆ ಕಾನೂನು!" ಎಂದರು. ಆಮೇಲೆ ನಗು ಇಳಿಯಿತು. "ತಪ್ಪೇ ಅಂತೀಯಾ?"

"ಕಾನೂನ್ ಪ್ರಕಾರ ತಪ್ಪು. ನಮ್ಮಪ್ಪನ ಪ್ರಕಾರಾನೂ ತಪ್ಪು. ನಿನ್ನೆ ಎಲ್ಲಾ ಯೋಚ್ನೆ ಮಾಡ್ದೆ ಡಾಕ್ಟ್ರೇ. ಒಳ್ಳೇ ಮನಸ್ಸಿಂದಾನೇ ಮಾಡಿದ್ವಿ, ಆದ್ರೂ ಕೇಳೋರು ಇರ್ಲಿಲ್ಲ ಅಂತ ಮಾಡಿದ್ವಿ."

ಕೋದಂಡರಾಮಪ್ಪನವರು ಚಾವಣಿಯ ಮೂಲೆಯ ಕ್ಯಾಮರಾ ನೋಡಿದರು. ಕಂಪನಿಗೆ ಎದುರಾಗಿ ಬಾಯಿ ಬಿಡುವುದಿಲ್ಲ, ತಾಲ್ಲೂಕಿನಲ್ಲಿ ಬೇರೆಲ್ಲೂ ಪೇಷೆಂಟು ಮುಟ್ಟುವುದಿಲ್ಲ ಎಂದು ಸೈನ್ ಹಾಕಿಕೊಟ್ಟವರು ಅವರು. ಶಿರೀನರಿಗೆ ಅದು ಗೊತ್ತಿತ್ತು. ಇನ್ನೊಮ್ಮೆ ಕೇಳಬಾರದೆಂದು ನಿರ್ಧರಿಸಿ ಬಂದಿದ್ದರು. ಬೇಡಿಕೊಳ್ಳುವುದು ಅವರಿಗೆ ಬರುತ್ತಲೂ ಇರಲಿಲ್ಲ. ಕೈಚೀಲ ತೆಗೆದುಕೊಂಡು ಎದ್ದರು.

"ನನ್ನ ಹೆಸರು ಎಲ್ಲಿ ಬರುತ್ತೆ?" ಮುದುಕರು ಕೇಳಿದರು.

"ನನ್ನ ಹೆಸರಿನ ಕೆಳಗೆ."

"ಕೆಳಗೆ?" ಕೋದಂಡರಾಮಪ್ಪನವರ ಹುಬ್ಬು ಮೇಲೇರಿತು. "ಕೆಳಗೆ ಯಾಕಮ್ಮಾ? ಸೀನಿಯರ್ ಯಾರು? ರೇಟು ಹೇಳ್ತಿದ್ದೋನು ನಾನು. ನೀನು ಹ್ಞೂಂ ಅಂತಿದ್ದೆ."

"ಹ್ಞೂಂ ಅಂತಿದ್ನಾ? ನಾನಾ? ನೀವು ಹೇಳಿದ್ದನ್ನ ಪ್ರತಿ ವರ್ಷ ಇಳಿಸ್ತಿದ್ದೋಳು ನಾನು!"

"ಇಳಿಸ್ತಿದ್ದೆ, ಒಪ್ತೀನಿ. ಆದ್ರೆ ಶುರು ಮಾಡಿದ್ದು ಯಾರು? ಮೊದಲ್ನೇ ಯುಗಾದಿ ರಸ್ತೆ ದಾಟಿದ್ದು ಯಾರು? ಡಬ್ಬಿ ಹೊತ್ಕೊಂಡು ಬಂದಿದ್ದು ಯಾರು? ತಪ್ಪು ಅಂದ್ರೆ ಅದು ನನ್ನ ತಪ್ಪು. ಅದನ್ನ ನಿನ್ ಹೆಸರಿನ ಕೆಳಗೆ ಹಾಕ್ಕೊಳ್ಳೋಕೆ ನಾನೇನು ಕಾಂಪೌಂಡರ್ರಾ?"

ಹೊರಗೆ ಬೆಂಚಿನಲ್ಲಿ ಕೂತಿದ್ದ ಪೇಷೆಂಟುಗಳು ಬಾಗಿಲ ಕಡೆ ಕತ್ತು ಉದ್ದ ಮಾಡಿದರು. ಕೋದಂಡರಾಮಪ್ಪನವರು ಮೇಜು ಹಿಡಿದು ಎದ್ದು, ಶಾಲು ಸರಿಮಾಡಿಕೊಂಡು, "ನಡಿ. ಎಲ್ಲಿದ್ದಾಳೆ ನಿಮ್ ಲಾಯರಮ್ಮ? ನಾನೇ ಹೇಳ್ತೀನಿ" ಎಂದರು. ಶಿರೀನರಿಗೆ ಕೈ ಹಿಡಿದುಕೊಳ್ಳಲೇ ಎಂದು ಕೇಳುವ ಮನಸ್ಸಾಯಿತು, ಕೇಳಲಿಲ್ಲ. ಆ ಮನುಷ್ಯನಿಗೆ ಅದು ಸೇರುವುದಿಲ್ಲ. ಸೆಕ್ಯೂರಿಟಿಯವನು ಇಬ್ಬರಿಗೂ ಸಲಾಂ ಹೊಡೆದ. ರಸ್ತೆಯಲ್ಲಿ ಟೆಂಪೋದವರು ಹಾರ್ನ್ ಮಾಡದೆ ನಿಂತರು. ಅಂಗಡಿಯವರು ಹೊರಗೆ ಬಂದು ನೋಡಿದರು. ಇಬ್ಬರೂ ಯಾರನ್ನೂ ನೋಡದೆ, ಸಿಂಗಾರದ ಎತ್ತುಗಳಂತೆ ತಲೆ ಎತ್ತಿಕೊಂಡು ದಾಟಿದರು.

ವರಾಂಡದಲ್ಲಿ ಮಿಸ್ಬಾ ಲ್ಯಾಪ್‌ಟಾಪ್ ತೆರೆದಳು. "ಅಂಕಲ್, ನೀವು ಸಾಕ್ಷಿ ಹೇಳಿದ್ರೆ ಕಂಪನಿ ಸುಮ್ನಿರಲ್ಲ. ಯೋಚ್ನೆ ಮಾಡಿದ್ದೀರಾ?"

"ಎಪ್ಪತ್ತಾಯ್ತು. ಯೋಚ್ನೆ ಮಾಡೋಕೇ ಕೂತಿದ್ದೆ ದೀಪಾವಳಿಯಿಂದ. ಬರ್ಕೋ. ಕದಿರೇಶನನ್ನ ಕಟ್ಟಾಕಿದ್ದು ನನ್ನ ರೂಮಿನಲ್ಲೇ, ನನ್ನ ಮುಂದೇನೇ. ಅದನ್ನೂ ಬರ್ಕೋ. ಮೊದ್ಲು ಯುಗಾದಿ. ಬೇವುಬೆಲ್ಲದಿಂದ ಶುರು ಮಾಡು."

"ಬೇವುಬೆಲ್ಲ ಬೇಕಾಗಿಲ್ಲ ಅಂಕಲ್."

"ಬೇಕು," ಎಂದರು ಇಬ್ಬರು ಡಾಕ್ಟರೂ ಒಟ್ಟಿಗೆ.

ಅವಳು ಹಾಕಿಕೊಂಡಳು. ಒಬ್ಬರು ಒಂದು ವರ್ಷ ಹೇಳಿದರೆ ಇನ್ನೊಬ್ಬರು ತಿದ್ದಿದರು. ಯಾವ ಯುಗಾದಿಗೆ ಎಷ್ಟು ಹೆಚ್ಚಿಸಿದ್ದು ಎನ್ನುವುದರಲ್ಲಿ ದೊಡ್ಡ ಜಗಳವೇ ಆಯಿತು. ಇಬ್ಬರೂ ತಮ್ಮದೇ ಹೆಚ್ಚು ತಪ್ಪು ಎಂದು ಹಟ ಹಿಡಿದ ಅಂಥ ಹೇಳಿಕೆಯನ್ನು ಮಿಸ್ಬಾ ತನ್ನ ಕೆಲಸದಲ್ಲಿ ಎಲ್ಲೂ ಕಂಡಿರಲಿಲ್ಲ. ನಡುನಡುವೆ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು, ನಗು ಬಂದದ್ದಕ್ಕೋ ಏನೋ.

ಅಷ್ಟರಲ್ಲಿ ಒಳಗಿನಿಂದ ಅಂಜಮ್ಮ ಓಡಿಬಂದಳು. "ಮೇಡಂ, ಬೆಳಗ್ಗೆ ಸೇರಿದ ಯಲ್ದೂರಿನ ಹುಡುಗಿಗೆ ನೋವು ಬಿರುಸಾಯ್ತು. ತಲೆ ಕಾಣಿಸ್ತಾ ಐತೆ, ಬನ್ನಿ ಬನ್ನಿ!"

ಶಿರೀನ್ ಮಾತು ಅಲ್ಲಿಗೇ ಬಿಟ್ಟು ಒಳಗೆ ನಡೆದರು. ಸರಾಗವಾದ ಹೆರಿಗೆ, ಅರಿವಳಿಕೆ ಬೇಕಿರಲಿಲ್ಲ. ಆದರೂ ಹುಡುಗಿ ಹೆದರಿಹೋಗಿದ್ದಳು. "ಇನ್ನೊಂದ್ಸಲ ಕಣೇ, ಇನ್ನೊಂದೇ ಸಲ, ಜಾಣೆ!" ಎನ್ನುತ್ತ ಶಿರೀನ್ ಬಗ್ಗಿದರು. ಹೊರಗೆ ನಲ್ಲಿಯಿಂದ ನೀರು ಬೀಳುವ ಸದ್ದು ಕೇಳಿಸಿತು. ನೀರು ತುಂಬ ಹೊತ್ತು ಬಿದ್ದು ನಿಂತಿತು. ಪರದೆಯ ಸಂದಿನಲ್ಲಿ ನೋಡಿದರೆ ಕೋದಂಡರಾಮಪ್ಪನವರು. ಶಾಲು ಇರಲಿಲ್ಲ, ಕತ್ತಿನ ನೀಲಿ ಪಟ್ಟಿಯೂ ಇರಲಿಲ್ಲ. ಅಂಗಿಯ ತೋಳನ್ನು ಮೇಲಕ್ಕೆ ಮಡಚಿ, ಮೊಣಕೈವರೆಗೆ ಸೋಪು ಹಾಕಿ ತೊಳೆದ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು, ಹೊಸ್ತಿಲ ಆಚೆಗೇ ನಿಂತಿದ್ದರು. ಒಳಗೆ ಬರಲೂ ಇಲ್ಲ, ಹಿಂದೆ ಹೋಗಲೂ ಇಲ್ಲ. ಮೊಣಕೈಯಿಂದ ನೀರು ಹನಿಹನಿಯಾಗಿ ಮೊಸಾಯಿಕ್ ನೆಲದ ಮೇಲೆ ಬೀಳುತ್ತಿತ್ತು.

ಶಿರೀನ್ ಕೈ ಬಿಡುವಂತಿರಲಿಲ್ಲ. ಅಂಜಮ್ಮನ ಕಡೆ ನೋಡಿ ಗದ್ದ ಎತ್ತಿದರು. ಅಂಜಮ್ಮ ಹೋಗಿ ಪರದೆಯನ್ನು ಒಂದು ಬದಿಗೆ ಸರಿಸಿ, ಹಿಡಿದುಕೊಂಡು ನಿಂತಳು.